ಹುಲಿಯೊಂದು ಬಿಟ್ಟು

ಕಾಕನಕೋಟೆಯ ಕಾಡಿಗೆ ಮೈಸೂರು ಮಹಾರಾಜರ ಅತಿಥಿಗಳಾಗಿ ಬರುತ್ತಿದ್ದ ವೈಸರಾಯರೂ ರಾಜಕುಮಾರರೂ ಪುಣ್ಯವಂತರು. ‘ಇವತ್ತು ಆನೆ ಕಾಣುತ್ತದೋ ಇಲ್ಲವೋ’ ಎಂಬ ಚಿಂತೆಯೇ ಅವರಿಗಿರಲಿಲ್ಲ. ನೂರಾರು ಜನ ತಮಟೆ ಬಡಿದು, ಗುಲ್ಲೆಬ್ಬಿಸಿ, ಇಡೀ ಹಿಂಡನ್ನೇ ಆನೆ ಹಿಡಿಯುವ ಖೆಡ್ಡಾದ ಬೇಲಿಯೊಳಕ್ಕೆ ಅಟ್ಟುತ್ತಿದ್ದರು. ಅತಿಥಿಗಳು ಕುಳಿತು ನೋಡಿದರಾಯಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆಮೇಲೆ ಕಬಿನಿಯ ಹಿನ್ನೀರು ಬಂತು, ದಂಡೆಯಲ್ಲಿ ರೆಸಾರ್ಟುಗಳು ಬಂದವು. ಅತಿಥಿಯ ನಿರೀಕ್ಷೆ ಮಾತ್ರ ಅರಮನೆ ಕಾಲದ್ದೇ: ದುಡ್ಡು ಕಟ್ಟಿದ್ದೇನೆ, ತಂದು ಎದುರಿಗೆ ನಿಲ್ಲಿಸಿ. ಅದೂ ಆನೆಯನ್ನಲ್ಲ, ಹುಲಿಯನ್ನು.

ನಾಗರಹೊಳೆಗೆ ಸಂಸಾರಸಮೇತ ಹೊರಟ ಬೆಂಗಳೂರಿನ ಗೃಹಸ್ಥರನ್ನು ದೂರದಿಂದಲೇ ಗುರುತಿಸಬಹುದು. ಟೋಪಿಯಿಂದ ಷೂವರೆಗೆ ಸೈನಿಕರ ಎಲೆಬಣ್ಣ. ಯಾರ ಕಣ್ಣು ತಪ್ಪಿಸಲು ಈ ವೇಷವೋ ತಿಳಿಯದು, ಕೂರುವುದಂತೂ ಗುಡುಗುಡು ಸದ್ದಿನ ಜೀಪಿನಲ್ಲಿ. ವೇಷ ಮರೆಸುವ ವಿದ್ಯೆಯಲ್ಲಿ ಹುಲಿಯೇ ಗಟ್ಟಿ. ಜಿಂಕೆಯ ಕಣ್ಣಿಗೆ ಕೆಂಪು–ಹಸಿರಿನ ವ್ಯತ್ಯಾಸ ತಿಳಿಯದು. ಹಾಗಾಗಿ ಹುಲಿಯ ಕಿತ್ತಳೆ ಮೈ ಅದಕ್ಕೆ ಪೊದೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಮನುಷ್ಯನಿಗೆ ಆ ಕೊರತೆ ಇಲ್ಲ. ಕಿತ್ತಳೆ ಕಿತ್ತಳೆಯಾಗಿಯೇ ಕಾಣುತ್ತದೆ. ಆದರೂ ಲಂಟಾನದ ಮರೆಯಲ್ಲಿ ಮಲಗಿದ ಹುಲಿಯನ್ನು ಡ್ರೈವರು ಬೆರಳು ಚಾಚಿ ತೋರಿಸಿದಾಗ ‘ಎಲ್ಲಿ? ಎಲ್ಲಿ?’ ಎನ್ನುವವರೇ ಹೆಚ್ಚು.

‘ಕರ್ನಾಟಕದಲ್ಲಿ 563 ಹುಲಿ ಇವೆಯಂತೆ, ಒಂದಾದರೂ ಬರಬಾರದೇ?’ ಎಂದು ಗೃಹಸ್ಥರು 2022ರ ಗಣತಿಯನ್ನು ಡ್ರೈವರನ ಮುಂದೆ ಹಿಡಿಯುತ್ತಾರೆ. ಲೆಕ್ಕ ಸರಿಯೇ. ಆದರೆ ಆ ಗಣತಿಗೆ ಹುಲಿಗಳು ಹಾಜರಿ ಕೊಟ್ಟದ್ದು ಮರಕ್ಕೆ ಕಟ್ಟಿದ ಕ್ಯಾಮೆರಾಗಳ ಮುಂದೆ, ಸುತ್ತ ಯಾರೂ ಇಲ್ಲದಾಗ. ಒಂದರ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಫೋಟೋ ನೋಡಿಯೇ ಎಣಿಸಬಹುದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ವಿಧಾನವನ್ನು ಪಳಗಿಸಿದ್ದು ಇದೇ ನಾಗರಹೊಳೆಯಲ್ಲಿ.

ಇಷ್ಟರಲ್ಲಿ ಎಲ್ಲೋ ಜಿಂಕೆಯೊಂದು ಚುರುಕಾಗಿ ಕೂಗುತ್ತದೆ. ಡ್ರೈವರು ಎಂಜಿನ್ ಆರಿಸುತ್ತಾನೆ. ಜಿಂಕೆಯ ಮಾತನ್ನು ಆತ ಪೂರ್ತಿ ನಂಬುವವನಲ್ಲ, ಅದು ಸುಮ್ಮಸುಮ್ಮನೆ ಬೆದರುವ ಪ್ರಾಣಿ. ಮರದ ತುದಿಯಿಂದ ಮುಸುವ ಕೆಮ್ಮಿದರೆ ಬೆನ್ನು ನೆಟ್ಟಗಾಗುತ್ತದೆ. ಕಡವೆಯೇ ಕೂಗಿತೋ, ಇನ್ನು ಅನುಮಾನವಿಲ್ಲ: ಹುಲಿಯೋ ಚಿರತೆಯೋ ನಡೆದು ಹೊರಟಿದೆ. ಎಲ್ಲರ ಉಸಿರೂ ಬಿಗಿಯಾದ ಆ ಗಳಿಗೆಯನ್ನೇ ಆರಿಸಿಕೊಂಡು ಹಿಂದಿನ ಸೀಟಿನಲ್ಲಿ ಯಾರೋ ಚಿಪ್ಸ್ ಪೊಟ್ಟಣ ಹರಿಯುತ್ತಾರೆ. ಇದಕ್ಕೆ ಅರಣ್ಯ ಕಾಯ್ದೆಯಲ್ಲಿ ಪ್ರತ್ಯೇಕ ಕಲಮು ಬೇಕು.

ಹುಲಿ ಬರಲಿಲ್ಲ. ಬೇಸಿಗೆಯಾದ್ದರಿಂದ ಹಿನ್ನೀರು ಇಳಿದು, ತಳದಲ್ಲಿ ಎಳೆ ಹುಲ್ಲು ಚಿಗುರಿತ್ತು. ಅದಕ್ಕೆಂದೇ ಇಳಿದುಬಂದ ಆನೆಗಳ ಹಿಂಡು ದಂಡೆಯುದ್ದಕ್ಕೂ ಮರಿಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಮೇಯುತ್ತಿತ್ತು. ಟನ್ನಿನ ಹತ್ತಿರ ತೂಗುವ ಕಾಟಿಯೊಂದು, ಬಿಳಿ ಕಾಲುಚೀಲ ತೊಟ್ಟಂತೆ, ರಸ್ತೆ ದಾಟಿತು. ಸೀಳುನಾಯಿಗಳ ತಂಡ ಶಿಳ್ಳೆ ಹಾಕಿಕೊಂಡು ಜೀಪಿನ ಮುಂದೆಯೇ ಓಡಿತು. ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿ ಅವು ಹುಲಿಯ ಪಂಕ್ತಿಯಲ್ಲೇ ಕೂತಿವೆ, ಆದರೆ ‘ನಾಯಿ’ ಎಂದ ಮೇಲೆ ಕ್ಯಾಮೆರಾ ಎತ್ತುವವರು ಕಡಿಮೆ.

ರಾತ್ರಿ ಊಟದ ಮೇಜಿನಲ್ಲಿ ಗೃಹಸ್ಥರು ಗೊಣಗಿದರು: ‘ಏನೂ ಕಾಣಲಿಲ್ಲ. ದುಡ್ಡು ದಂಡ.’

ಬಡಿಸುತ್ತಿದ್ದ ಹುಡುಗ ಕಾಡಂಚಿನ ಹಳ್ಳಿಯವನು. ಮುದ್ದೆ ಹಾಕುತ್ತಾ, ‘ನಮ್ಮ ಹೊಲಕ್ಕೆ ಹೋದ ವಾರ ಬಂದಿತ್ತು ಸಾರ್. ಹಸು ಹಿಡೀತು’ ಎಂದ.

ಗೃಹಸ್ಥರ ಕಣ್ಣು ಅರಳಿತು. ‘ಹೌದಾ! ಫೋಟೋ ಇದೆಯಾ?’

‘ಇದೆ ಸಾರ್,’ ಎಂದ ಹುಡುಗ. ‘ಹಸೂದು. ಪರಿಹಾರದ ಅರ್ಜಿಗೆ ಬೇಕಲ್ಲ.’