ಎರಡು ಫೈಲಿನ ಕೂಸು: ಬಳಸುವ ವಿಧಾನ

ಡೌನ್ ಸಿಂಡ್ರೋಮ್ ಜೊತೆಗೆ ಹೃದಯದಲ್ಲಿ ರಂಧ್ರವೂ ಇರುವ ಎಳೆಗೂಸು ಮನೆಗೆ ಬಂದವರಿಗಾಗಿ ಈ ಕೈಪಿಡಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಆದ್ದರಿಂದ ‘ನಮಗೊಬ್ಬರಿಗೇ ಯಾಕೆ ಹೀಗಾಯಿತು’ ಎನ್ನುವ ಸೌಲಭ್ಯ ಈ ಮಾದರಿಯಲ್ಲಿಲ್ಲ. ‘ಗ್ರಹಣದ ದಿನ ಹೊರಗೆ ಬಂದಿದ್ದೆಯೇನೇ?’ ಎಂದು ಕೇಳುವ ಸೋದರತ್ತೆ ಪೆಟ್ಟಿಗೆಯ ಜೊತೆ ಉಚಿತ. ಕಾರಣ 21ನೇ ಕ್ರೋಮೋಸೋಮ್ ಒಂದು ಹೆಚ್ಚಿರುವುದು ಎಂದು 1959ರಲ್ಲೇ ಗೊತ್ತಾಗಿದೆ. ಅತ್ತೆಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಜೋಡಣೆ

ಎರಡು ಫೈಲು ಕೊಳ್ಳಿ. ಒಂದರಲ್ಲಿ ಎಕೋ ರಿಪೋರ್ಟು, ತೂಕದ ಪಟ್ಟಿ, ಮದ್ದಿನ ಚೀಟಿ. ಇನ್ನೊಂದರಲ್ಲಿ ಥೈರಾಯ್ಡ್, ಕಿವಿಯ ಪರೀಕ್ಷೆ, ಫಿಸಿಯೋ, ಸ್ಪೀಚ್ ಥೆರಪಿ. ಜೆರಾಕ್ಸ್ ಎಷ್ಟು ಮಾಡಿಸಬೇಕೆಂದು ಯಾರನ್ನೂ ಕೇಳಬೇಡಿ. ಕೌಂಟರಿನವರು ಕೇಳುವುದಕ್ಕಿಂತ ಒಂದು ಕಡಿಮೆಯೇ ನಿಮ್ಮ ಕೈಲಿರುತ್ತದೆ. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿ ಡೌನ್ ಸಿಂಡ್ರೋಮೂ ಇದೆ, ಹುಟ್ಟಿನಿಂದ ಬರುವ ಹೃದ್ರೋಗವೂ ಇದೆ. ಅಂಗನವಾಡಿಗೆ ಬರುವ ಅದರ ತಂಡವನ್ನೋ ಆಶಾ ಕಾರ್ಯಕರ್ತೆಯನ್ನೋ ಹಿಡಿದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಆಪರೇಷನ್ನಿನ ಖರ್ಚನ್ನಷ್ಟೇ ಕೇಳಿ ಬಂದರೆ, ಥೆರಪಿ ಕೊಡುವ ಜಿಲ್ಲಾ ಕೇಂದ್ರವಾದ ಡಿಇಐಸಿಯ ಹೆಸರು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಕೂಸು ಶಾಲೆಗೆ ಹೊರಟಿರುತ್ತದೆ.

ದಿನನಿತ್ಯದ ಬಳಕೆ

ಹಾಲು ಕುಡಿಯುವಾಗ ಕೂಸಿನ ಹಣೆ ಬೆವರುತ್ತದೆ. ಅದಕ್ಕದು ಬೆಟ್ಟ ಹತ್ತಿದಷ್ಟು ದಣಿವು. ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ, ತಲೆ ತುಸು ಎತ್ತರಿಸಿ ಕುಡಿಸಿ. ಇನ್ನು ಮದ್ದು. ಸೂಜಿ ತೆಗೆದ ಸಿರಿಂಜಿನಲ್ಲಿ ಚೀಟಿಯಲ್ಲಿ ಬರೆದಷ್ಟೇ ಎಳೆದು, ಗುಳ್ಳೆ ಹೊರಡಿಸಿ, ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಡಬೇಕು. ಕೂಸು ನಾಲಗೆ ಮುಂದೂಡುತ್ತದೆ. ಮದ್ದು ಗಲ್ಲದ ಮೇಲೆ ಇಳಿದು ಕತ್ತಿನ ಮಡಿಕೆಯೊಳಗೆ ಮಾಯವಾಗುತ್ತದೆ. ಹೋದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಗಂಡ ಹೆಂಡತಿ ಚರ್ಚೆ ನಡೆಸಬಹುದು, ಆದರೆ ಡಾಕ್ಟರನ್ನು ಕೇಳದೆ ಇನ್ನೊಮ್ಮೆ ಹಾಕಕೂಡದು.

ಈ ಹಂತದಲ್ಲಿ ಅಜ್ಜಿ ಹೇಳುತ್ತಾರೆ: ‘ಮೊದಲು ಎದೆ ರಿಪೇರಿಯಾಗಲಿ ಕಣಮ್ಮ, ಥೆರಪಿಗೀಪಿ ಆಮೇಲೆ ನೋಡಿದರಾಯ್ತು.’ ಕೇಳಲು ನ್ಯಾಯವಾಗಿಯೇ ಇದೆ, ಪಾಲಿಸಬೇಡಿ. ಮಾತೇ ಬಾರದ ಕೂಸಿಗೆ ಸ್ಪೀಚ್ ಥೆರಪಿಸ್ಟ್ ಯಾಕೆ ಎಂದು ನಗುವವರಿಗೆ ಹೇಳಿ: ನಾಳೆ ಮಾತಾಡಬೇಕಾದ ತುಟಿ, ನಾಲಗೆ, ದವಡೆಯೇ ಇವತ್ತು ಹಾಲು ಚೀಪಬೇಕು. ಅವು ಸಡಿಲವಾಗಿದ್ದರೆ ಹಾಲು ಇಳಿಯುವುದಿಲ್ಲ, ಹಾಲಿಳಿಯದೆ ತೂಕ ಏರುವುದಿಲ್ಲ, ತೂಕವಿಲ್ಲದೆ ಸರ್ಜನ್ನರ ಮುಖ ಅರಳುವುದಿಲ್ಲ. ಎರಡೂ ಫೈಲು ಸೇರುವುದು ಕೂಸಿನ ಬಾಯಲ್ಲೇ. ಫಿಸಿಯೋದವರು ಹೇಳಿಕೊಡುವುದೂ ತೊಡೆಯ ಮೇಲಿನ ಕೆಲಸವೇ: ಕಪ್ಪೆಯ ಹಾಗೆ ಅಗಲಿಸಿದ ಕಾಲುಗಳನ್ನು ಹತ್ತಿರ ತರುವುದು, ಎರಡು ಕೈಯನ್ನೂ ಎದೆಯ ಮುಂದೆ ಕೂಡಿಸುವುದು, ಅಪ್ಪನ ಎದೆಯ ಮೇಲೆ ಬೋರಲು ಮಲಗಿಸಿ ತಲೆ ಎತ್ತಿಸುವುದು. ಹೃದಯದ ಡಾಕ್ಟರು ಒಪ್ಪಿರಬೇಕು. ಉಸಿರು ಏರಿದರೆ, ತುಟಿ ನೀಲಿಯಾದರೆ ಆಟ ಅಲ್ಲಿಗೇ ಬಂದ್.

ಎಚ್ಚರಿಕೆ

ಮೇಲಿನ ಕೆಳಗಿನ ಕೋಣೆಗಳ ನಡುವೆ ದೊಡ್ಡ ರಂಧ್ರವಿದ್ದರೆ, ಶ್ವಾಸಕೋಶದ ರಕ್ತನಾಳಗಳು ಕೆಡುವ ಮೊದಲೇ, ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಆಪರೇಷನ್ ಮಾಡುತ್ತಾರೆ. ಮೂಗು ಸೋರಿತೋ ತಾರೀಖು ಮುಂದಕ್ಕೆ. ಕೆಮ್ಮುತ್ತಲೇ ಕೆನ್ನೆ ಹಿಂಡಲು ಬರುವ ನೆಂಟರನ್ನು ಬಾಗಿಲಲ್ಲೇ ಕಾಫಿ ಕೊಟ್ಟು ಕಳುಹಿಸಿ. ನಿಷ್ಠುರವಾದರೆ ಆಗಲಿ.

ಆಪರೇಷನ್ನಿನ ಹಿಂದಿನ ರಾತ್ರಿ ಉಡಿದಾರ, ಕರಿಮಣಿ ಬಳೆ, ದೃಷ್ಟಿಬೊಟ್ಟು ಎಲ್ಲಾ ಹೊರಗೆ, ಎಣ್ಣೆನೀರು ಬೇಡ. ಎದೆಹಾಲಾದರೆ ಅರಿವಳಿಕೆಗೆ ಸಾಮಾನ್ಯವಾಗಿ 4 ಗಂಟೆ ಮೊದಲು, ಪುಡಿ ಹಾಲಾದರೆ 6 ಗಂಟೆ ಮೊದಲು ನಿಲ್ಲಿಸಬೇಕು. ನಿಮ್ಮ ಆಸ್ಪತ್ರೆ ಹೇಳಿದ್ದೇ ಕೊನೆಯ ಮಾತು. ಆ ಹೊತ್ತಿನಲ್ಲಿ ಕೂಸು ಅಪ್ಪನ ತೋಳಲ್ಲಿರಲಿ. ಅಮ್ಮನ ಮೈಯ ಹಾಲಿನ ವಾಸನೆ ಹಿಡಿದರೆ ಇಡೀ ವಾರ್ಡಿಗೆ ಎಚ್ಚರವಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರ ಕತ್ತಿನ ಕೀಲು ಸಡಿಲವಿರಬಹುದು. ಫೈಲಿನಲ್ಲಿ ಬರೆದಿದ್ದರೂ ಅರಿವಳಿಕೆ ಡಾಕ್ಟರಿಗೆ ಬಾಯಿಬಿಟ್ಟು ಜ್ಞಾಪಿಸಿ.

ಮನೆಗೆ ಮರಳಿದ ಮೇಲೆ

ಕೊಯ್ದು ಜೋಡಿಸಿದ ಎದೆಮೂಳೆ ಕೂಡಲು ಸುಮಾರು 6 ವಾರ ಬೇಕು. ಕಂಕುಳಿಗೆ ಕೈಹಾಕಿ ಎತ್ತಕೂಡದು; ಒಂದು ಕೈ ತಲೆಯಡಿ, ಒಂದು ಕೈ ಕುಂಡೆಯಡಿ. ಸರ್ಜನ್ ಹೇಳುವ ತನಕ ಬೋರಲು ಮಲಗಿಸುವುದೂ ಇಲ್ಲ. ಹಾಗೆಂದು ಥೆರಪಿಯ ದಿನಗಳನ್ನು ಸಾರಾಸಗಟಾಗಿ ರದ್ದು ಮಾಡಬೇಡಿ. ಫೋನು ಹಚ್ಚಿ, ಅಂಗಾತ ಮಲಗಿಸಿಯೇ ಮಾಡುವಂಥದ್ದು ಏನಿದೆ ಎಂದು ಕೇಳಿ. ಖಂಡಿತ ಇರುತ್ತದೆ. ಗಿಲಕಿಯನ್ನು ಎಡಕ್ಕೆ ಬಲಕ್ಕೆ ಆಡಿಸಿ ಕಣ್ಣು ಹೊರಳಿಸುವುದಕ್ಕೆ ಎದೆಮೂಳೆಯ ಒಪ್ಪಿಗೆ ಬೇಕಿಲ್ಲ.