ಕೋವಿ ಗೌಡರು

ಕೋವಿ ಗೌಡರು ಇಲ್ಲದ ಊರು ಮಲೆನಾಡಿನಲ್ಲಿಲ್ಲ. ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ಅವರು ಗೌಡರು. ತೀರ್ಥಹಳ್ಳಿ ಕಡೆ ಹೋದರೆ ಹೆಗ್ಡೆಯವರು. ಘಟ್ಟ ಇಳಿದು ಸುಳ್ಯ, ಪುತ್ತೂರು ಸೇರಿದರೆ ಭಟ್ಟರೋ ರೈಗಳೋ ಆಗಿರುತ್ತಾರೆ. ತೋಟ ಕಾಫಿಯದ್ದಿರಲಿ, ಅಡಿಕೆಯದ್ದಿರಲಿ, ಕೋವಿ ಮಾತ್ರ ಒಂದೇ ಥರದ್ದು: ಅಜ್ಜನ ಕಾಲದ ಜೋಡು ನಳಿಗೆಯ 12 ಬೋರು.

ಅವರ ಮನೆ ಗುರುತಿಸುವುದು ಸುಲಭ. ಜಗುಲಿಯ ಗೋಡೆಯ ಮೇಲೆ ಅಜ್ಜನ ಫೋಟೊ. ಅಜ್ಜನ ಕೈಯಲ್ಲಿ ಕೋವಿ, ಕಾಲ ಬುಡದಲ್ಲಿ ಸತ್ತ ಹುಲಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹೀಗಾಗಿ ಪಕ್ಕದಲ್ಲಿರುವ ಅಪ್ಪನ ಫೋಟೊದಲ್ಲಿ ಕೋವಿ ಇದೆ, ಹುಲಿ ಇಲ್ಲ. ಅದರ ಪಕ್ಕ ಗೌಡರದೇ ಫೋಟೊ. ಅಲ್ಲಿ ಕೋವಿಯ ಜೊತೆಗೆ ಹುಲಿಯ ಜಾಗದಲ್ಲಿ ಜೀಪಿದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಅವನ ಫೋಟೊದಲ್ಲಿ ಕೋವಿಯೂ ಇಲ್ಲ, ಜೀಪೂ ಇಲ್ಲ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ಇದೆ. ಒಂದು ಮನೆತನದ ಚರಿತ್ರೆ ಇಷ್ಟು ಚುಟುಕಾಗಿ ಬೇರೆಲ್ಲೂ ಸಿಗುವುದಿಲ್ಲ.

ಫೋಟೊಗಳ ಕೆಳಗಿನ ಕಪಾಟಿನಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ‘ಕಾಡಿನ ಕತೆಗಳು’ ಇರುತ್ತವೆ. ಗೌಡರು ಅವನ್ನು ಎಷ್ಟು ಸಲ ಓದಿದ್ದಾರೆಂದರೆ, ಆಂಡರ್ಸನ್ನನ ಒಂದೆರಡು ಚಿರತೆಗಳು ಈಚೆಗೆ ಇವರ ತೋಟಕ್ಕೇ ಬಂದುಹೋಗಿವೆ. ಹೊಸಬರು ಕೂತು ಕೇಳಿದರೆ ಚಿರತೆ ಹುಲಿಯಾಗುವುದೂ ಉಂಟು.

“ಅಲ್ಲ ಗೌಡ್ರೇ, ಈ ಕಾಲದಲ್ಲಿ ಮನೇಲಿ ಕೋವಿ ಯಾಕೆ?” ಎಂದು ಪೇಟೆಯಿಂದ ಬಂದವರು ಕೇಳುತ್ತಾರೆ. ಗೌಡರು ಒಂದು ಸಲ ಗಂಟಲು ಸರಿಮಾಡಿಕೊಂಡು, “ನಿಮ್ಮ ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ ಯಾಕ್ರೀ? ಕಳ್ಳನಾದ್ರೂ ಗೇಟು ಹಾರ್ತಾನೆ. ನಮ್ಮಲ್ಲಿಗೆ ಬರೋನು ಗೇಟನ್ನೇ ಹೊತ್ಕೊಂಡು ಹೋಗ್ತಾನೆ ಮಾರಾಯ್ರೇ” ಎನ್ನುತ್ತಾರೆ.

ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. 2023ರ ಗಣತಿಯಲ್ಲಿ ಕರ್ನಾಟಕದ ಆನೆಗಳ ಸಂಖ್ಯೆ 6,395. ಅವುಗಳಲ್ಲಿ ಕೆಲವು ಕಾಡು ಬಿಟ್ಟು ಕಾಫಿ ತೋಟದಲ್ಲೇ ಹುಟ್ಟಿ, ತೋಟದಲ್ಲೇ ಬೆಳೆದು, ತೋಟದ ಮಾಲೀಕರಿಗಿಂತ ಚೆನ್ನಾಗಿ ತೋಟದ ಗಡಿ ಬಲ್ಲವಾಗಿವೆ. ಯಾವ ಮರದ ಹಲಸು ಎಂದು ಹಣ್ಣಾಗುತ್ತದೆಂಬ ಲೆಕ್ಕ ತೋಟದ ರೈಟರ ಪುಸ್ತಕದಲ್ಲಿ ಇಲ್ಲದಿದ್ದರೂ ಆನೆಯ ತಲೆಯಲ್ಲಿ ಇರುತ್ತದೆ. ಆನೆ ಇಲ್ಲದ ದಿನ ಕಾಟಿ, ಕಾಟಿ ಇಲ್ಲದ ದಿನ ಹಂದಿ. ಬೆಳಗ್ಗೆ ಕೆಲಸಕ್ಕೆ ಬರುವ ಹೆಣ್ಣಾಳುಗಳು ಜೀವ ಕೈಯಲ್ಲಿ ಹಿಡಿದೇ ಬರುತ್ತಾರೆ. 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಆನೆ ಹಿಡಿಯುವ ಕಾರ್ಯಾಚರಣೆ ನಡೆದಾಗ, ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನನೇ ಕಾಡಾನೆಯೊಂದಿಗೆ ಸೆಣಸಿ ಸತ್ತ. ಆ ಮಾತು ಬಂದರೆ ಗೌಡರು ಕತೆ ಹೇಳುವುದಿಲ್ಲ. ಅಷ್ಟು ದೊಡ್ಡ ಜೀವಕ್ಕೇ ಹೀಗಾಯಿತಲ್ಲ ಎಂದು ಸುಮ್ಮನಾಗುತ್ತಾರೆ. ಸುಮ್ಮನಿರುವ ಕೋವಿ ಗೌಡರನ್ನು ನೋಡುವುದು ಬಹಳ ಅಪರೂಪ.

ಇಷ್ಟೆಲ್ಲ ಅಪಾಯದ ಎದುರು ಆ ಕೋವಿ ಮಾಡುವುದೇನು ಎಂಬುದೇ ಪ್ರಶ್ನೆ.

ಕಾನೂನನ್ನು ನೋಡಿ. ಆನೆಗೂ ಕಾಟಿಗೂ ಚಿರತೆಗೂ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ರಕ್ಷಣೆ ಇದೆ. ಮೈಮೇಲೆ ಬಂದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಹೊಡೆದರೆ ಅಪರಾಧವಲ್ಲವೆಂದು 11ನೇ ಕಲಮು ಹೇಳುತ್ತದೆ. ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಮತ್ತು ಹೊಡೆಯುವ ಹೊತ್ತಿಗೆ ನೀವು ಆ ಕಾಯ್ದೆ ಮೀರುವ ಬೇರೆ ಯಾವ ತಪ್ಪೂ ಮಾಡುತ್ತಿರಕೂಡದು. ಗೌಡರಿಗೆ ಈ ಕಲಮು ಬಾಯಿಪಾಠ. “ಸದ್ಭಾವನೆ ಇತ್ತು ಅಂತ ಸಾಕ್ಷಿ ಹೇಳೋರು ಯಾರು? ಆನೆ ಹೇಳ್ತದಾ?” ಎಂದು ಕೇಳುತ್ತಾರೆ. ಇನ್ನು ಕೋವಿಯ ಶಕ್ತಿಯನ್ನು ನೋಡಿದರೆ, 12 ಬೋರಿನ ಚರೆ ಆನೆಯನ್ನು ಕೊಲ್ಲುವುದಿಲ್ಲ, ಕೆರಳಿಸುತ್ತದೆ. ಗಾಯಗೊಂಡ ಆನೆ ಮಾರನೆಯ ದಿನ ಎದುರಿಗೆ ಸಿಕ್ಕವರ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಆ ಸಿಕ್ಕವರು ಕೋವಿ ಇಲ್ಲದ ಕೂಲಿಯಾಳುಗಳೇ. ಇದು ಗೌಡರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ಅವರ ಕೋವಿಗೆ ಉಳಿದಿರುವ ಒಂದೇ ಗುರಿ ಆಕಾಶ.

ಹಾಗೆಂದು ಕೋವಿ ಇಟ್ಟುಕೊಳ್ಳುವುದು ಹುಡುಗಾಟವಲ್ಲ. ಲೈಸೆನ್ಸು ಜಿಲ್ಲಾಧಿಕಾರಿಗಳಿಂದ ಬರಬೇಕು, ಪೊಲೀಸು ವರದಿ ಆಗಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದಮೇಲೆ ಒಬ್ಬರಿಗೆ ಎರಡೇ ಕೋವಿ. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದಾಯಿತು. ಒಂದನ್ನು ಕೊಟ್ಟು ಒಂದನ್ನು ಕಿತ್ತುಕೊಂಡರು ಎಂದು ಗೌಡರು ಇದನ್ನು ವಿವರಿಸುತ್ತಾರೆ. ಕೋವಿ ಹಿಡಿಯಲು ಬರುತ್ತದೆಂಬುದಕ್ಕೆ ತರಬೇತಿಯ ಸರ್ಟಿಫಿಕೇಟು ಬೇಕೆಂದಾಗ ಅವರಿಗೆ ಬಹಳ ಅವಮಾನವಾಯಿತು. ಹುಲಿ ಹೊಡೆದವರ ಮೊಮ್ಮಗ! ಆದರೂ ಪೊಲೀಸರ ಶಿಬಿರಕ್ಕೆ ಹೋದರು. ಅಲ್ಲಿ ಮೊಮ್ಮಗನ ವಯಸ್ಸಿನ ಕಾನ್‌ಸ್ಟೇಬಲ್ಲು, “ಸಾರ್, ಹೊಡಿಯೋವಾಗ ಎರಡೂ ಕಣ್ಣು ಮುಚ್ಚಬಾರ್ದು” ಎಂದನಂತೆ. ಇದನ್ನು ಹೇಳಿದವರು ಗೌಡರಲ್ಲ, ಅದೇ ಶಿಬಿರದಲ್ಲಿದ್ದ ಪಕ್ಕದ ತೋಟದವರು.

ಎಲ್ಲಕ್ಕಿಂತ ದೊಡ್ಡ ಉಪದ್ರವ ಚುನಾವಣೆ. ನೀತಿಸಂಹಿತೆ ಜಾರಿಯಾದ ಕೂಡಲೇ ಠಾಣೆಯಿಂದ ಫೋನು: ಕೋವಿ ತಂದು ಜಮಾ ಮಾಡಿ. 2024ರಲ್ಲಿ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು, ಏಪ್ರಿಲ್ 26ಕ್ಕೆ ನಮ್ಮ ಕಡೆ ಮತದಾನ, ಜೂನ್ 4ಕ್ಕೆ ಎಣಿಕೆ. ಅಂದರೆ ಹಲಸು ಬಲಿತು ಹಣ್ಣಾಗಿ, ಆನೆ ಬಂದು ತಿಂದು, ಬೀಜ ಲದ್ದಿಯಲ್ಲಿ ಬಿದ್ದು ಮೊಳೆಯುವವರೆಗೂ ಕೋವಿ ಠಾಣೆಯ ಮೂಲೆಯಲ್ಲಿ, ನಳಿಗೆಗೆ ಬಟ್ಟೆಚೀಟಿ ಕಟ್ಟಿಸಿಕೊಂಡು, ಊರಿನ ಇತರ ಕೋವಿಗಳ ಜೊತೆ ಒರಗಿ ನಿಂತಿತ್ತು. ವಿಧಾನಸಭೆ, ಲೋಕಸಭೆ, ಪಂಚಾಯ್ತಿ ಎಂದು ಒಂದಾದಮೇಲೊಂದು ಬರುವಾಗ ಗೌಡರ ಕೋವಿ ಕಂಡಷ್ಟು ಪ್ರಜಾಪ್ರಭುತ್ವವನ್ನು ಗೌಡರೂ ಕಂಡಿಲ್ಲ. “ಆನೆ ಯಾವ ಪಾರ್ಟಿ ಅಂತ ಇವರಿಗೆ ಗೊತ್ತಿಲ್ಲ, ಅದಕ್ಕೇ ನನ್ನ ಕೋವಿ ಮೇಲೆ ಅನುಮಾನ” ಎಂದು ಬೈಯುತ್ತಾರೆ. ಆದರೆ ಜಮಾ ಮಾಡುವ ದಿನ ಅವರ ಸಡಗರ ನೋಡಬೇಕು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋವಿಯನ್ನು ಚೀಲದಿಂದ ಅರ್ಧ ಹೊರಗೆ ಕಾಣುವಂತೆ ಜೀಪಿನಲ್ಲಿಟ್ಟು, ಠಾಣೆಗೆ ಹತ್ತಿರದ ದಾರಿ ಬಿಟ್ಟು ಸಂತೆಬೀದಿಯ ಮೇಲೇ ಹೋಗುತ್ತಾರೆ. ವಿನಾಯಿತಿಗೆ ಅರ್ಜಿ ಹಾಕಿ ಎಂದರೆ ಯಾಕೋ ಕೇಳಿಸದವರಂತೆ ಇರುತ್ತಾರೆ.

ಹೊಟ್ಟೆಕಿಚ್ಚು ಎಂಬುದೇನಾದರೂ ಗೌಡರಿಗಿದ್ದರೆ ಅದು ಕೊಡಗಿನವರ ಮೇಲೆ. ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸಿನ ಗೊಡವೆಯಿಲ್ಲ. ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದನ್ನು ಗೌಡರು ವಿರಾಜಪೇಟೆಯ ಸ್ನೇಹಿತರ ಮನೆಯಲ್ಲಿ ನೋಡಿ ಬಂದರು. ಬಂದವರೇ ಆಯುಧಪೂಜೆಗೆ ತಮ್ಮ ಕೋವಿಗೂ ಸೇವಂತಿಗೆ ಮುಡಿಸಿದರು. ಹಬ್ಬ ಮುಗಿದರೂ ಒಂದು ಹೂ ನಳಿಗೆಯೊಳಗೇ ಉಳಿದಿತ್ತು. ಮುಂದಿನ ಚುನಾವಣೆಗೆ ಠಾಣೆಯ ಹೆಡ್‌ಕಾನ್‌ಸ್ಟೇಬಲ್ಲು ನಳಿಗೆ ಬಗ್ಗಿಸಿ ನೋಡಿದಾಗ ಒಣಗಿದ ಸೇವಂತಿಗೆ ಮೇಜಿನ ಮೇಲೆ ಉದುರಿತು. ಈ ಕೋವಿಯಿಂದ ಯಾರಿಗೂ ಅಪಾಯವಿಲ್ಲವೆಂಬುದಕ್ಕೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ.

ಕೋವಿ ಕೆಲಸಕ್ಕೆ ಇಳಿಯುವುದು ರಾತ್ರಿ. ನಾಯಿ ಒಂದೇ ಸಮ ಬೊಗಳುತ್ತದೆ. ಹಿತ್ತಿಲ ಹಲಸಿನ ಮರದ ಕಡೆಯಿಂದ ಲಟಲಟ ಸದ್ದು. ಗೌಡರು ದಿಗ್ಗನೆ ಏಳುತ್ತಾರೆ. ಕೋವಿ ಮಲಗುವ ಕೋಣೆಯ ಬೀರುವಿನಲ್ಲಿದೆ. ಬೀರುವಿನ ಕೀಲಿಕೈ ಗೌಡರ ಹೆಂಡತಿ ಅಮ್ಮನವರ ಸೆರಗಿನ ಗಂಟಿನಲ್ಲಿದೆ. ತೋಟಾಗಳು ಮಳೆಗಾಲದ ಥಂಡಿ ತಾಗದಿರಲಿ ಎಂದು ಉಗ್ರಾಣದ ಅಕ್ಕಿ ಡಬ್ಬದ ತಳದಲ್ಲಿವೆ. ಟಾರ್ಚು ಚಾರ್ಜಿಗೆ ಹಾಕಿದೆ, ಕರೆಂಟು ಸಂಜೆಯೇ ಹೋಗಿದೆ. ಕನ್ನಡಕ ಎಲ್ಲಿದೆ ಎಂದು ಹುಡುಕಲು ಕನ್ನಡಕವೇ ಬೇಕು.

“ಲೇ, ಕೀ ಕೊಡೇ ಬೇಗ!”

“ಕೊಡ್ತೀನಿ ಇರಿ. ಮೊದಲು ಪಂಚೆ ಸರಿ ಕಟ್ಕಳಿ. ಆನೆ ಏನಂದ್ಕೊಂಡೀತು?”

ಡಬ್ಬದ ಅಕ್ಕಿಯಲ್ಲಿ ಮೊಣಕೈವರೆಗೆ ಕೈಯಿಟ್ಟು ಗೌಡರು ಎರಡು ತೋಟಾ ಹೊರಗೆ ತೆಗೆಯುತ್ತಾರೆ. ಕಾಗದದ ಕವಚ ಊದಿಕೊಂಡಿದೆ. ನಳಿಗೆಯ ಬಾಯಿಗೆ ಅರ್ಧ ಹೋಗಿ ನಿಲ್ಲುತ್ತದೆ. ಹಿಂದಕ್ಕೂ ಬರುವುದಿಲ್ಲ. ಉಗುರಿನಲ್ಲಿ ಎಳೆಯುತ್ತಾರೆ, ಹಿತ್ತಾಳೆಯ ಅಂಚಿಗೆ ಚಾಕು ಕೊಡಲು ಹೋಗಿ ಅಮ್ಮನವರಿಂದ ಬೈಸಿಕೊಳ್ಳುತ್ತಾರೆ. ಇನ್ನೊಂದು ತೋಟಾವನ್ನು ಪಂಚೆಯಲ್ಲಿ ಉಜ್ಜಿ ಉಜ್ಜಿ ಎರಡನೇ ನಳಿಗೆಗೆ ತುರುಕುತ್ತಾರೆ. ಅಷ್ಟರಲ್ಲಿ ಮೊಬೈಲು ಕುಂಯ್ ಎನ್ನುತ್ತದೆ. ಊರಿನ ಆನೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುದ್ದಿ: “ಒಂಟಿ ಸಲಗ ಗೌಡರ ತೋಟದಿಂದ ಹೊರಟು ಹಳ್ಳ ದಾಟಿದೆ. ಆ ಕಡೆಯವರು ಹುಷಾರು.” ಅಮ್ಮನವರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಗೌಡರು ಅಂಗಳಕ್ಕಿಳಿದು, ಎರಡೂ ಕಣ್ಣು ಮುಚ್ಚಿ, ನಕ್ಷತ್ರಗಳ ಕಡೆ ಒಂದು ಈಡು ಹಾರಿಸುತ್ತಾರೆ. ಅದುವರೆಗೆ ಬೊಗಳುತ್ತಿದ್ದ ನಾಯಿ ಮಂಚದ ಕೆಳಗೆ ಸೇರಿ ಮಾರನೆಯ ಮಧ್ಯಾಹ್ನದವರೆಗೆ ಹೊರಬರುವುದಿಲ್ಲ.

ಬೆಳಗ್ಗೆ ಕಾಫಿಯ ಹೊತ್ತಿಗೆ ಕತೆ ಸಿದ್ಧವಾಗಿರುತ್ತದೆ. ಆನೆ ಹತ್ತು ಮಾರು ದೂರದಲ್ಲಿತ್ತು, ಕಣ್ಣಲ್ಲಿ ಕಣ್ಣಿಟ್ಟು ನೋಡಿತು, ಈಡಿಗೆ ಬೆದರಿ ಘೀಳಿಟ್ಟು ಓಡಿತು. ಸಂಜೆಯ ಹೊತ್ತಿಗೆ ಹತ್ತು ಮಾರು ಐದು ಮಾರಾಗುತ್ತದೆ. ಅಮ್ಮನವರು ಕಾಫಿ ಲೋಟ ಇಟ್ಟು ಒಳಗೆ ಹೋಗುವಾಗ ನಮ್ಮ ಕಡೆ ಒಂದು ಸಲ ನೋಡುತ್ತಾರೆ, ಅಷ್ಟೇ. ಆಳುಗಳೂ ನಗುವುದಿಲ್ಲ. ಯಾಕೆಂದರೆ ಅವರೆಲ್ಲರಿಗೂ ಒಂದು ವಿಷಯ ಗೊತ್ತು: ಕತ್ತಲಾಗುವ ಮೊದಲೇ ಎಲ್ಲರನ್ನೂ ಜೀಪಿನಲ್ಲಿ ಕೂಲಿ ಲೈನಿಗೆ ಬಿಟ್ಟುಬರುವವರು ಇದೇ ಗೌಡರು. ಬೆಳಗ್ಗೆ ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯವರಿಗೆ ಫೋನು ಮಾಡಿ ಕೇಳದೆ ಯಾರನ್ನೂ ತೋಟಕ್ಕೆ ಇಳಿಸುವುದಿಲ್ಲ. ಮನೆಯ ಹತ್ತಿರದ ಹಲಸನ್ನು ಎಳೆಯದರಲ್ಲೇ ಕೆಡವಿಸಬೇಕೆಂದು ಬೇರೆಯವರಿಗೆ ಬುದ್ಧಿ ಹೇಳುತ್ತಾರೆ. ತಾವು ಮಾತ್ರ ಅಜ್ಜ ನೆಟ್ಟ ಮರವೆಂದು ಕೆಡವಿಸುವುದಿಲ್ಲ. ಆ ಮನೆಯನ್ನು ಕಾಯುತ್ತಿರುವುದು ಈ ಎಚ್ಚರ. ಹೆಸರು ಮಾತ್ರ ಕೋವಿಗೆ.

ಗೌಡರಿಗೆ ಕೋಪ ಬರುವುದು, ಮಂಗಗಳಿಗೆ ತಮ್ಮ ಭಯವೇ ಇಲ್ಲವಲ್ಲ ಎಂದು. ಕೋಲು ಹಿಡಿದು ಬರುವ ಆಳನ್ನು ಕಂಡರೆ ಓಡುವ ಮಂಗಗಳು, ಕೋವಿ ಹಿಡಿದ ಗೌಡರನ್ನು ಕಂಡರೆ ಏಲಕ್ಕಿ ಗಿಡ ಬಿಟ್ಟು ಏಳುವುದೂ ಇಲ್ಲ. ಕಾಯ್ದೆ ಓದಿಕೊಂಡಿವೆ ಎನ್ನುತ್ತಾರೆ ಗೌಡರು. ಗೌಡರನ್ನು ಓದಿಕೊಂಡಿವೆ ಎನ್ನುತ್ತಾರೆ ಅಮ್ಮನವರು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ, ಇದು ತಮಾಷೆಯಲ್ಲ. ಹಂದಿಯೆಂದು ತಿಳಿದು ಮನುಷ್ಯನಿಗೆ ಈಡು ಬಿದ್ದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕತ್ತಲಲ್ಲಿ ಕೋವಿ ಇದ್ದವನಿಗೆ ಪೊದೆಯಲ್ಲಿ ಅಲುಗಿದ್ದೆಲ್ಲ ಹಂದಿಯೇ. ಗೌಡರ ಕೋವಿಯಿಂದ ಆನೆಗೆ ಭಯವಿಲ್ಲ, ನಮಗೆ ನಿಮಗೆ ಇರುವುದು ಒಳ್ಳೆಯದು. ಹಾಗಾಗಿ ಅವರ ಮನೆಗೆ ಹೋಗುವುದಿದ್ದರೆ ಬೆಳಕಿರುವಾಗ ಹೋಗಿ. ಕತ್ತಲಾಗಿಬಿಟ್ಟರೆ ಹೆಡ್‌ಲೈಟು ಆರಿಸಬೇಡಿ, ಒಳದಾರಿಯಲ್ಲಿ ನುಸುಳಬೇಡಿ. ಗೇಟಿನಲ್ಲೇ ನಿಂತು ನಿಮ್ಮ ಹೆಸರು, ನಿಮ್ಮಪ್ಪನ ಹೆಸರು, ಊರು ಎಲ್ಲ ಕೂಗಿ ಹೇಳಿ, ಒಳಗಿನಿಂದ ಅಮ್ಮನವರ ದನಿಯಲ್ಲಿ “ಬನ್ನಿ” ಎಂದು ಉತ್ತರ ಬಂದಮೇಲೆಯೇ ಕಾಲಿಡಿ.