ರೋಮಹರಣ ರಶ್ಮಿ ಮೀಮಾಂಸೆ

ಲೇಸರಿನಿಂದ ಕೂದಲು ತೆಗೆಯುವ ಈ ಶಾಸ್ತ್ರದ ಪ್ರತಿಜ್ಞೆ ಇಷ್ಟೇ: ಚರ್ಮದ ಒಂದು ಕೂದಲೂ ಕೊಂಕಬಾರದು, ಆದರೆ ಕೂದಲೇ ಇರಬಾರದು. ಈ ಗಂಟು ಬಿಡಿಸುವ ಸೂತ್ರವನ್ನು 1983ರಲ್ಲಿ ಕೊಟ್ಟವರು ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಋಷಿದ್ವಯರು. ಭಾಷ್ಯ ಹೀಗೆ: ಬೆಳಕು ಕಪ್ಪನ್ನು ಹುಡುಕುತ್ತದೆ, ಕಪ್ಪು ಕಾಯುತ್ತದೆ, ಆ ಕಾವಿಗೆ ಬುಡ ಬೇಯುತ್ತದೆ. ಮೆಲನಿನ್ ಎಂಬ ಆ ಕಪ್ಪು ಚರ್ಮದಲ್ಲೂ ಉಂಟಲ್ಲ ಎಂಬುದು ಪೂರ್ವಪಕ್ಷ. ಪಂಥಗಳು ಒಡೆದದ್ದು ಇಲ್ಲಿಯೇ.

ಮಾಣಿಕ್ಯ ಪಂಥ (ಅಲೆಯುದ್ದ 694 ನ್ಯಾನೋಮೀಟರ್) ಎಲ್ಲಕ್ಕೂ ಹಿರಿಯದು. 1960ರಲ್ಲಿ ಮೈಮನ್ ಬೆಳಗಿಸಿದ ಮೊದಲ ಲೇಸರಿನದೂ ಮಾಣಿಕ್ಯವೇ. ಆದರೆ ಬಿಸಿಲುಂಡ ಮೈ ಸಿಕ್ಕರೆ ಕೂದಲು, ಚರ್ಮ ಎಂಬ ಪಂಕ್ತಿಭೇದ ಮಾಡದೆ ಸುಡುತ್ತದೆ. ಅಲೆಕ್ಸಾಂಡ್ರೈಟ್ (755) ಅದರ ಚುರುಕು ತಮ್ಮ. ಇವನಿಗೂ ಬಿಳಿ ಮೈಯವರೇ ಇಷ್ಟ. ಡಯೋಡ್ (ಸುಮಾರು 810) ಎರಡೂ ಕಡೆಯ ಬೀಗರನ್ನು ಸಂಭಾಳಿಸುವ ಮದುವೆಮನೆಯ ಯಜಮಾನ.

ನಾಲ್ಕನೆಯದು ನಿಯೋಡಿಮಿಯಂ ಯಾಗ್ (1064). ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ಎಂಬುದರ ಹ್ರಸ್ವರೂಪವೆಂದು ಭೌತಶಾಸ್ತ್ರಿಗಳು ಸಾಧಿಸುತ್ತಾರೆ, ನಾವು ಒಪ್ಪೆವು. ಅದು ಯಾಗವೇ. ಹವಿಸ್ಸು ಕೂದಲು, ಸುಟ್ಟ ವಾಸನೆ ಪ್ರತ್ಯಕ್ಷ, ದಕ್ಷಿಣೆ ಮುಂಗಡ. ಮೆಲನಿನ್ನಿನ ಮೇಲೆ ಇದಕ್ಕೆ ಮೋಹ ಕಡಿಮೆ. ಮೇಲ್ಚರ್ಮಕ್ಕೆ ಕೈಮುಗಿದು ಆಳಕ್ಕಿಳಿಯುವುದರಿಂದ ನಮ್ಮ ಎಣ್ಣೆಗೆಂಪು, ಕಪ್ಪು ಮೈಗಳಿಗೆ ಇದೇ ಕ್ಷೇಮ. ನೋವು ಹೆಚ್ಚು, ನವಿರು ಕೂದಲಿನ ಮುಂದೆ ಪೆಚ್ಚು; ಯಾಗವೆಂದ ಮೇಲೆ ಹೊಗೆಗೆ ಕಣ್ಣೀರು ಬಾರದಿದ್ದೀತೆ?

ಐಪಿಎಲ್ ಎಂಬ ಪ್ರಕ್ಷಿಪ್ತ ಪಾಠವೊಂದುಂಟು. ಅದು ಕ್ರಿಕೆಟ್ಟೂ ಅಲ್ಲ, ಲೇಸರೂ ಅಲ್ಲ. ಹಲವು ಅಲೆಯುದ್ದಗಳನ್ನು ಒಟ್ಟಿಗೆ ಚೆಲ್ಲುವ ಮಿಂಚುದೀಪ.

ಒಂದೇ ಸಿಟ್ಟಿಂಗಿನಲ್ಲಿ ಏಕೆ ಮುಗಿಯದು? ಕೂದಲುಗಳು ಸರದಿಯಂತೆ ನಿದ್ರಿಸುತ್ತವೆ. ಬೆಳೆಯುವ ಹಂತದಲ್ಲಿ ಎಚ್ಚರವಾಗಿರುವವು ಮಾತ್ರ ಬೆಳಕಿಗೆ ಸಿಕ್ಕಿಬೀಳುತ್ತವೆ. ಆದ್ದರಿಂದ ವಾರಗಳ ಅಂತರ ಬಿಟ್ಟು ಆರೋ ಎಂಟೋ ಬಾರಿ ಹೋಗಬೇಕು. ಅಷ್ಟಾದರೂ ಅಮೆರಿಕದ ಎಫ್‌ಡಿಎ ಒಪ್ಪಿದ ಪದ ‘ಶಾಶ್ವತ ಇಳಿಕೆ’, ‘ನಿರ್ಮೂಲನ’ವಲ್ಲ. ಪಾರ್ಲರಿನ ಬೋರ್ಡು ಬರೆಯುವವರಿಗೆ ಈ ಸಮಾಸಭೇದ ತಿಳಿಯದು.

ಬೆಳ್ಳಗಾದ ಕೂದಲಿನಲ್ಲಿ ಬೆಳಕಿಗೆ ಹಿಡಿಯಲು ಕಪ್ಪೇ ಇಲ್ಲ. ನಾಲ್ಕೂ ಪಂಥಗಳು ಅಲ್ಲಿ ಏಕಕಂಠದಿಂದ ಸೋಲುತ್ತವೆ. ಗ್ರಂಥಕರ್ತನ ಗಡ್ಡ ಪೂರ್ತಿ ನೆರೆತಿರುವುದರಿಂದ ಸ್ವಾನುಭವದ ಅಧ್ಯಾಯವನ್ನು ಕೈಬಿಡಲಾಗಿದೆ.